ಬಾಲದ ಬುಡದಲ್ಲಿ ಒಂದು ಬೆರಳು

ಗೋಡೆಯ ಮೇಲಿನ ವಿಡಿಯೋದಲ್ಲಿ ಇಲಿ ನಿಂತೇ ಇದೆ, ಕಿಟಕಿಯ ಬಿಸಿಲು ಬಿದ್ದು ಅದರ ಬೆನ್ನು ಅರ್ಧ ಅಳಿಸಿಹೋಗಿದೆ, ಪ್ರಯೋಗಕ್ಕೆಂದು ನಾವೇ ಮಿದುಳಿನ ರಕ್ತನಾಳ ಕಟ್ಟಿ ಒಂದು ದಿನವಾದ ಇಲಿ, ನಾವು ಐವರು ಅದಕ್ಕೆ ಅಂಕ ಹಾಕಬೇಕು, ಸೊನ್ನೆಯೆಂದರೆ ಏನೂ ಆಗಿಲ್ಲ, ಮೂರೆಂದರೆ ನಡೆಯುತ್ತ ಪಕ್ಕಕ್ಕೆ ಬೀಳುತ್ತದೆ, ನಾಲ್ಕೆಂದರೆ ತಾನಾಗಿ ನಡೆಯುವುದೇ ಇಲ್ಲ, ನಾಲ್ಕು ಬಿದ್ದರೆ ಅಂದೇ ಸಾವಿನ ಸೂಜಿ, ನೋವು ಮುಗಿಯಿತು — ಮೂರು ಎಂದು ಬರೆದೆ, ಜೊತೆಗೆ ಕೆಲಸ ಮಾಡುವ ಡೆಲ್ಫೋರ್ ಮೂರು, ಉಳಿದಿಬ್ಬರೂ ಮೂರು, ಅವರಿಗೆಲ್ಲ ಕಲಿಸಿದವಳು ನಾನೇ, ಹನ್ನೊಂದು ವರ್ಷ, ನೂರಕ್ಕೆ ತೊಂಬತ್ತಾರು ಸಲ ನಮ್ಮ ಅಂಕ ಒಂದೇ, ಕೋರ್ಡೊಬಾದ ನಮ್ಮ ಲ್ಯಾಬಿಗೆ ಯಾರೇ ಬರಲಿ ಮುಖ್ಯಸ್ಥ ಡಾಕ್ಟರ್ ಬೆಲಿಸಾರಿಯೋ ನನ್ನನ್ನು ತೋರಿಸಿ ಅದನ್ನೇ ಹೇಳುತ್ತಾರೆ, ನಮ್ಮ ನಿಲ್ಡಾಳ ಕಣ್ಣು ಅಂದ್ರೆ ತಕ್ಕಡಿ ಕಣ್ರೀ. ಐಲೆನ್ ಒಬ್ಬಳೇ ನಾಲ್ಕು ಬರೆದಿದ್ದಾಳೆ, ನೆವುಕೆನ್‌ನಿಂದ ಬಂದು ಮೂರು ವಾರವಾಗಿದೆ ಅಷ್ಟೆ, ಏನಮ್ಮಾ, ನಿಮ್ಮೂರಲ್ಲಿ ಇಲಿ ಓಡಿದ್ರೇನೇ ನಡೆದ ಹಾಗಾ, ಡೆಲ್ಫೋರ್ ಮಾಟೆ ಕಷಾಯ ಹೀರುತ್ತ ನಕ್ಕ, ಅವಳು ನಗಲಿಲ್ಲ, ಇನ್ನೊಂದ್ಸಲ ಹಾಕಿ, ನಿಧಾನಕ್ಕೆ, ನಿಲ್ಡಾ ಅವರ ಕೈ ನೋಡಿ ಅಂದಳು — ಮೂಲೆಯಿಂದ ನನ್ನ ಬೆರಳು ಬಂತು, ಬಾಲದ ಬುಡಕ್ಕೆ ತಾಗಿತು, ಇಲಿ ಎರಡು ಹೆಜ್ಜೆ ಇಟ್ಟು ಬಿತ್ತು. ಮುಟ್ಟದೇ ಇದ್ದಿದ್ರೆ ಅದು ನಡೀತಿರ್ಲಿಲ್ಲ ಅಲ್ವಾ, ತಾನಾಗಿ ಅಂತ ತಾನೇ ನಿಯಮ, ಅಂದಳು ಐಲೆನ್.

ಯಾವಾಗ ಶುರುವಾಯಿತು, ಮೊದಲ ಚಳಿಗಾಲದಲ್ಲಿರಬೇಕು, ಒಂದು ಇಲಿ ಹೆದರಿ ಮುದುಡಿತ್ತು, ಅದಕ್ಕೊಂದು ಅವಕಾಶ ಕೊಡೋಣ ಎಂದು ಮುಟ್ಟಿದೆ, ನಡೆಯಿತು, ಆಮೇಲೆ ಅದೇ ಅಭ್ಯಾಸ, ಬಂದವರಿಗೆಲ್ಲ ಅದನ್ನೇ ಕಲಿಸಿದೆ, ಒಂಚೂರು ಮುಟ್ರೋ, ಪಾಪ ಹೆದರಿರತ್ತೆ, ಎಲ್ಲರೂ ಮುಟ್ಟಿದರು, ಎಲ್ಲರ ಅಂಕವೂ ಒಂದೇ ಆಯಿತು, ಮೂರು ಅಂಕ ಸಿಕ್ಕವು ಪ್ರಯೋಗ ಮುಗಿಯುವ ಏಳನೆಯ ದಿನದವರೆಗೆ ಬದುಕಿದವು — ನೀರಿನ ಕೊಳವೆಗೆ ಬಾಯಿ ಎಟುಕದೆ, ನೋವಿಗೆ ಕಣ್ಣ ಸುತ್ತ ಕೆಂಪು ನೀರು ಹೆಪ್ಪುಗಟ್ಟಿ, ನಾನು ಅವಕ್ಕೆ ಆಹಾರ ನೆನೆಸಿ ನೆಲದ ಮೇಲಿಡುತ್ತಿದ್ದೆ, ಬಂದ್ಲು ನೋಡಿ ಇಲಿಗಳ ಅಜ್ಜಿ ಎನ್ನುತ್ತಿದ್ದ ಡೆಲ್ಫೋರ್, ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಹೊಸಬಳು, ಅವಳ ಕಾಗದ ತೆಗೆದಿಡಿ, ಎನ್ನುತ್ತ ಹಿಂದೆ ಕೂತಿದ್ದ ಡಾಕ್ಟರ್ ಎದ್ದರು, ನಿಲ್ಡಾ ನಾಳೆ ಅವಳಿಗೆ ಇನ್ನೊಮ್ಮೆ ಕಲಿಸ್ತಾಳೆ — ಸುಮ್ಮನಿದ್ದರೆ ಮುಗಿಯುತ್ತಿತ್ತು, ಅವಳು ಹೇಳಿದ್ದೇ ಸರಿ ಡಾಕ್ಟ್ರೇ ಅಂದೆ, ನಾನು ಕಲಿಸಿದ್ದೇ ತಪ್ಪು, ಎಲ್ಲ ವರ್ಷದ ಅಂಕಾನೂ ತಪ್ಪು. ನೀನೇನು ಹೇಳ್ತಿದೀಯ ಗೊತ್ತಾ ನಿಲ್ಡಾ, ಗೊತ್ತು ಅಂದೆ, ಡೆಲ್ಫೋರ್ ಮಾಟೆ ಕೆಳಗಿಟ್ಟ.

ಈಗ ಕೆಳಗಿನ ಕೋಣೆ, ನಿನ್ನೆಯ ಹನ್ನೆರಡು ಇಲಿಗಳಿಗೆ ಮತ್ತೆ ಅಂಕ, ಐಲೆನ್ ಗಡಿಯಾರ ಹಿಡಿದಿದ್ದಾಳೆ, ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದೇನೆ, ಮೊದಲನೆಯದು ಮೇಜಿನ ಮೇಲೆ, ಉಸಿರಾಡುತ್ತಿದೆ, ಮೀಸೆ ಅಲುಗುತ್ತಿದೆ, ಕಾಲು ಅಲುಗುತ್ತಿಲ್ಲ, ನಡಿಯೇ ಪುಟ್ಟಿ, ನಡಿ, ನಿನ್ನೆ ಇದಕ್ಕೂ ಮೂರು ಕೊಟ್ಟಿದ್ದೆ, ಮೂವತ್ತು ಸೆಕೆಂಡು, ನಲವತ್ತು, ನಾಲ್ಕು ಬರೀಲಾ ಅನ್ನುತ್ತಾಳೆ ಐಲೆನ್ ಮೆಲ್ಲಗೆ, ಸೂಜಿ ತಟ್ಟೆಯಲ್ಲಿದೆ, ಬರಿ ಅನ್ನಬೇಕು, ಅನ್ನುತ್ತೇನೆ, ಬೆನ್ನ ಹಿಂದೆ ಬಲಗೈಯ ಬೆರಳು ತಾನಾಗಿ ಚಾಚಿಕೊಳ್ಳುತ್ತಿದೆ, ಎಡಗೈ ಅದನ್ನು ಬಿಗಿಯಾಗಿ ಹಿಡಿದಿದೆ, ಆದರೂ ಚಾಚುತ್ತಿದೆ, ಬಾಲದ ಬುಡ, ಬೆರಳು, ಎರಡು ಹೆಜ್ಜೆ, ಬೆರಳು —