ಐದು ಸೆಕೆಂಡು

ಅಂದು ಬೆಳಗ್ಗೆಯೂ ಪರದೆಯ ಮೇಲೆ ಅದೇ ಕೆಂಪು ಸಾಲು ಬಂತು. ನೆಟ್‌ವರ್ಕ್ ಸಿಗಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಎಲ್ಲರೂ ಕಂಪ್ಯೂಟರ್ ಮೇಡಂ ಎಂದು ಕರೆಯುತ್ತಿದ್ದ ಆಕೆ ಕೀಬೋರ್ಡನ್ನು ಮೇಜಿಗೆ ಕುಕ್ಕಿದಳು. ಕೋಪ ಆಕೆಗೆ ಯಾವತ್ತೂ ಮೂಗಿನ ತುದಿಯಲ್ಲೇ, ಇವತ್ತು ನೆತ್ತಿಗೇರಿತ್ತು. ರಕ್ತದ ರಿಪೋರ್ಟ್ ಎಲ್ಲಿ ಎಂದು ಮೇಲಿನ ವಾರ್ಡಿನಿಂದ ಆಗಲೇ ಎರಡು ಸಲ ಫೋನು ಬಂದಿತ್ತು.

ಬಗ್ಗಿ ಮೇಜಿನ ಹಿಂದಿನ ಕೇಬಲ್ ಒತ್ತಿದಳು. ಎದ್ದು ನೆಟ್‌ವರ್ಕನ್ನು ಮತ್ತೆ ಶುರುಮಾಡುವ ಆಜ್ಞೆ ಬರೆದಳು. ಸಂಪರ್ಕ ಬಂತು. ತಿಂಗಳಿಂದ ಹೀಗೇ ನಡೆದಿತ್ತು, ಕೇಬಲ್ ಒತ್ತಿದ್ದರಿಂದಲೇ ಸರಿಯಾಗುತ್ತದೆ ಎಂದು ಆಕೆ ನಂಬಿದ್ದಳು. ಸರಿ, ಅದು ಸಡಿಲವಾಗುವುದು ಯಾರಿಂದ? ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಮೇಜಿನ ಕೆಳಗೆ ನೆಲ ಒರೆಸುವವಳಿಂದ. ಹನ್ನೊಂದು ವರ್ಷ ಒರೆಸಿದ ಆ ಹೆಂಗಸನ್ನು ಆಸ್ಪತ್ರೆಯೆಲ್ಲ ಅಕ್ಕ ಎನ್ನುತ್ತಿತ್ತು. ಕಳೆದ ವಾರ ಹಾಜರಿ ಹಾಕುವ ಹೊತ್ತಿನಲ್ಲಿ, ಎಲ್ಲರೆದುರು, ಮೇಡಂ ಆಕೆಯನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ನಾನು ಆ ವೈರು ಮುಟ್ಟೇ ಇಲ್ಲ" ಎಂದಷ್ಟೇ ಅಕ್ಕ ಹೇಳಿದ್ದು. ಮರುದಿನದಿಂದ ಬರಬೇಡ ಎಂದರು ಸೂಪರಿಂಟೆಂಡೆಂಟ್.

ಅಕ್ಕನ ಜಾಗಕ್ಕೆ ಬಂದ ಹೊಸಬಳು ಹತ್ತಿರ ಸುಳಿಯದಂತೆ ಮೇಡಂ ಮೇಜಿಗೆ ಕುರ್ಚಿಗಳನ್ನು ಅಡ್ಡ ಇಟ್ಟಿದ್ದಳು. ಆದರೂ ಅದೇ ಕೆಂಪು ಸಾಲು. ಈಗ ಬಯ್ಯಲು ಯಾರೂ ಉಳಿದಿರಲಿಲ್ಲವಾದ್ದರಿಂದ, ಕೊನೆಗೆ, ಯಂತ್ರ ತಾನೇ ಬರೆದಿಟ್ಟ ದಾಖಲೆಯನ್ನು ತೆರೆದು ಓದಿದಳು. ಮೊದಲೇ ಮಾಡಬೇಕಾಗಿದ್ದ ಕೆಲಸ.

ಬೆಳಗ್ಗೆ ಮೇನ್ ಸ್ವಿಚ್ ಹಾಕಿದಾಗ ಕಂಪ್ಯೂಟರು, ಕೇಬಲ್‌ಗಳನ್ನು ಕೂಡಿಸುವ ಗೋಡೆಯ ಪೆಟ್ಟಿಗೆ, ಎರಡೂ ಒಟ್ಟಿಗೇ ಏಳುತ್ತಿದ್ದವು. ಪೆಟ್ಟಿಗೆಗೆ ಕಣ್ಣು ಬಿಡಲು ಅರ್ಧ ನಿಮಿಷ ಬೇಕು. ಕಂಪ್ಯೂಟರು ಅಷ್ಟರೊಳಗೇ ಎದ್ದು, ನೆಟ್ವರ್ಕಿನಲ್ಲಿ ನನ್ನ ವಿಳಾಸ ಕೊಡಿ ಎಂದು ಪೆಟ್ಟಿಗೆಯನ್ನು ಕೇಳಿ, ಬರೀ ಐದು ಸೆಕೆಂಡು ಕಾದು, ಮುನಿಸಿಕೊಂಡು ಕೂತುಬಿಡುತ್ತಿತ್ತು. ಕೇಬಲ್ಲಿಗೆ ಏನೂ ಆಗಿರಲಿಲ್ಲ. ದಿನವೂ ಸಂಪರ್ಕ ತರುತ್ತಿದ್ದುದು ಆಮೇಲೆ ಆಕೆ ಬರೆಯುತ್ತಿದ್ದ ಆಜ್ಞೆ.

ಐದು ಸೆಕೆಂಡು ಎಂದು ಬರೆದ ಪಾಪಿ ಯಾರು? ಹಲ್ಲು ಕಡಿಯುತ್ತಲೇ, ಎಷ್ಟು ಹೊತ್ತು ಕಾಯಬೇಕೆಂದು ಬರೆದಿಟ್ಟ ಫೈಲು ತೆರೆದಳು. ಏನೇ ಬದಲಿಸಿದರೂ ಪಕ್ಕದಲ್ಲಿ ತಾರೀಖು, ಕಾರಣ ಬರೆಯಬೇಕೆಂಬುದು ಆಕೆಯದೇ ಕಟ್ಟಪ್ಪಣೆ. ಬರೆಯದವರ ಜನ್ಮ ಜಾಲಾಡುತ್ತಿದ್ದಳು. ಇಲ್ಲೂ ಬರೆದಿತ್ತು. ತಿಂಗಳ ಹಿಂದಿನ ತಾರೀಖು, ಎದುರಿಗೆ: 'ಡಾಕ್ಟರು ನಿಧಾನ ಅಂತ ಗೊಣಗುತ್ತಾರೆ. ಬೇಗ ಶುರುವಾಗಲಿ.' ಕೆಳಗೆ ಆಕೆಯದೇ ಗುರುತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಾಗಿತ್ತು. ಬರೆ ಹಾಕಿದ ಕೈ ತನ್ನದೇ. ಅವಮಾನದಿಂದ ಕಿವಿ ಕಾದವು, ತನ್ನ ಮೇಲೆ ತನಗೇ ಅಸಹ್ಯವಾಯಿತು. ಐದನ್ನು ಅರವತ್ತು ಮಾಡಿ, ತಾರೀಖು ಹಾಕಿ, 'ನನ್ನ ತಪ್ಪು' ಎಂದು ಬರೆದು, ನೇರ ಸೂಪರಿಂಟೆಂಡೆಂಟರ ಕೋಣೆಗೆ ಹೋದಳು.

ಅವರು ತಲೆ ಎತ್ತದೆ ಕೇಳಿಸಿಕೊಂಡರು. ಹೊಸಬಳು ಸೇರಿಯಾಗಿದೆ, ಆದದ್ದು ಆಗಿಹೋಯಿತು, ಈಗ ಇದನ್ನು ಕೆದಕಿದರೆ ನಮ್ಮಿಬ್ಬರ ಮರ್ಯಾದೆಯೂ ಹೋಗುತ್ತದೆ ಎಂದರು.

"ಅವಳ ಮರ್ಯಾದೆ ಹೋಗಿ ವಾರ ಆಯ್ತು ಸರ್. ಅವಳನ್ನ ವಾಪಸ್ ಕರೀರಿ, ಇಲ್ಲಾ ನನ್ನನ್ನೂ ಕಳಿಸಿ."

ಉತ್ತರಕ್ಕೆ ಕಾಯದೆ ಹೊರಗೆ ಬಂದು ಕಾರಿಡಾರಿನಲ್ಲೇ ಅಕ್ಕನಿಗೆ ಫೋನು ಮಾಡಿದಳು. ನಡೆದದ್ದನ್ನೆಲ್ಲ ಹೇಳಿ, ತಪ್ಪಾಯ್ತು ಎಂದಳು. ಅಕ್ಕ, ದನಿ ಏರಿಸದೆ, ಹೇಳಿದಳು.

"ಬಯ್ಯೋವಾಗ ಎಲ್ಲರ ಮುಂದೆ ಬೈದ್ರಿ ಮೇಡಂ. ತಪ್ಪಾಯ್ತು ಅನ್ನೋದು ಮಾತ್ರ ನನ್ನ ಕಿವೀಲಿ ಹೇಳ್ತೀರಾ?"

ಮೇಡಂಗೆ ಸಿಟ್ಟು ಬಂತು, ಅಭ್ಯಾಸಬಲ. ಮರುಗಳಿಗೆಗೆ ಅದೂ ಇಳಿಯಿತು.

"ಫೋನ್ ಇಡಬೇಡಿ ಅಕ್ಕ" ಎಂದಳು.

ಬೆಳಗಿನ ಪಾಳಿಯವರು ಹಾಜರಿ ಪುಸ್ತಕದ ಸುತ್ತ ನೆರೆದಿದ್ದರು. ಆಕೆ ನಡುವೆ ದಾರಿ ಮಾಡಿಕೊಂಡು ಹೋಗಿ, ಸ್ಪೀಕರ್ ಹಾಕಿ, ಫೋನನ್ನು ತೆರೆದ ಪುಸ್ತಕದ ಮೇಲೆ ಇಟ್ಟಳು. "ಎಲ್ಲರೂ ಕೇಳಿ" ಎಂದಳು. ಪೆನ್ನುಗಳು ಒಂದೊಂದಾಗಿ ನಿಂತವು. ಫೋನಿನಿಂದ ಅಕ್ಕನ ಉಸಿರು ಕೇಳಿಸುತ್ತಿತ್ತು.