ಕತ್ತರಿಸದ ಎಂಟು ನೋಟು

ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟ ಅರೆಗಳಿಗೆಯಲ್ಲೇ ಅದು ನಕಲಿ ಎಂದು ನಾನು ತೀರ್ಮಾನಿಸಿಬಿಟ್ಟೆ.

ತಂದವನು ಹಳೇ ಪುಸ್ತಕದಂಗಡಿಯವನು. ನನ್ನ ಕನ್ನಡಕದಂಗಡಿಗೆ ಬರುವಾಗಲೆಲ್ಲ ಅವನ ಕಂಕುಳಲ್ಲಿ ಏನಾದರೊಂದು ಸುರುಳಿ ಇರುತ್ತಿತ್ತು. ಈ ಸಲದ ಸುರುಳಿಯಲ್ಲಿದ್ದದ್ದು ಅಚ್ಚಾದ ಮೇಲೆ ಬಿಡಿಬಿಡಿಯಾಗಿ ಕತ್ತರಿಸದೆ ಇಡಿಯಾಗಿ ಉಳಿದ ನೋಟಿನ ಹಾಳೆ. ಎರಡು ಸಾಲು, ಸಾಲಿಗೆ ನಾಲ್ಕರಂತೆ ಎಂಟು ನೋಟು. ಐವತ್ತು ವರ್ಷದ ಹಿಂದಿನ ಮಾದರಿ. ಅಂಚು ಮಡಚಿಕೊಂಡಿರಲಿಲ್ಲ, ಹಸಿರು ಶಾಯಿ ಮಾಸಿರಲಿಲ್ಲ. ನೋಡಿದರೆ ಯಾರ ಬಾಯಲ್ಲಾದರೂ ನೀರೂರಬೇಕು. ನಾನು ಭೂತಗನ್ನಡಿ ಹಿಡಿದು ಸಂಖ್ಯೆಗಳನ್ನು ಓದಿದೆ. ೪೦೮೭೧, ೪೦೮೭೨, ೪೦೮೭೩... ಕೊನೆಯದು ೪೦೮೭೮.

ಇದು ಆಗದ ಮಾತು. ನೋಟಿನ ಅಚ್ಚುಕೂಟದಲ್ಲಿ ಹಾಳೆಗಳನ್ನು ಒಂದೊಂದಾಗಿ ಕತ್ತರಿಸುವುದಿಲ್ಲ. ಸಾವಿರ ಹಾಳೆ ಪೇರಿಸಿ, ಮೇಲಿನಿಂದ ಅಲಗು ಇಳಿಸುತ್ತಾರೆ. ಹಾಗೆ ಕತ್ತರಿಸಿದ ಪ್ರತಿಯೊಂದು ಕಟ್ಟಿನಲ್ಲೂ ಸಂಖ್ಯೆಗಳು ಕ್ರಮವಾಗಿ ಬರಬೇಕಾದರೆ, ಒಂದೇ ಹಾಳೆಯ ಅಕ್ಕಪಕ್ಕದ ನೋಟುಗಳ ನಡುವೆ ಸಾವಿರದ ಅಂತರ ಇರಲೇಬೇಕು. ನಮ್ಮ ಸಂಗ್ರಾಹಕರ ಸಂಘದ ಕೈಪಿಡಿಯ ಆರನೇ ಪುಟದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಆ ಪುಟ ಬರೆದವನು ನಾನೇ.

“ಬೇಡ” ಎಂದು ಹಾಳೆಯನ್ನು ಸುತ್ತಿಕೊಡಬೇಕು, ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ನನ್ನ ಷಡ್ಡಕ ಒಳಗೆ ಬಂದ. ನನ್ನ ಹೆಂಡತಿಯ ಅಕ್ಕನ ಗಂಡ, ಟೈರಿನ ವ್ಯಾಪಾರಿ. ನಾನು ಡಾಕ್ಟರಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ ಊರಿಗೆಲ್ಲ ಕೇಳುವ ಹಾಗೆ ನನ್ನನ್ನು ಡಾಕ್ಟ್ರೇ ಎಂದೇ ಕರೆಯುವವನು.

“ಡಾಕ್ಟ್ರೇ, ಮತ್ತೆ ಅದರ ಮೇಲೆ ಕೂತುಬಿಟ್ಟೆ.” ಕಡ್ಡಿ ಮುರಿದ ಕನ್ನಡಕವನ್ನು ಚಾಚಿದ. “ಈ ಸಲ ಕಬ್ಬಿಣದ್ದು ಹಾಕಿಕೊಡಿ.”

“ಕನ್ನಡಕ ಇಡೋದು ಮೂಗಿನ ಮೇಲೆ ಭಾವ, ಕುರ್ಚಿ ಮೇಲಲ್ಲ.”

“ಮೂಗು ಇರೋದು ಒಂದೇ. ಕುರ್ಚಿ ಮನೆ ತುಂಬ ಇದಾವಲ್ಲ!”

ಪುಸ್ತಕದಂಗಡಿಯವನು ನಕ್ಕ. ಯಾರು ಬೇಕಾದರೂ ನಗುತ್ತಾರೆ; ಅದೇ ನನ್ನ ಸಂಕಟ. ಹನ್ನೊಂದು ವರ್ಷ ಒಂದೊಂದು ಹಾಳೆಗೂ ಅಲೆದು, ಹರಾಜುಗಳಲ್ಲಿ ಕೈಹಿಸುಕಿಕೊಂಡು, ಒಂಬತ್ತು ಹಾಳೆ ಕೂಡಿಸಿದವನು ನಾನು. ಇವನು ನಮ್ಮ ಮನೆಗೆ ಊಟಕ್ಕೆ ಬಂದವನು ಅವನ್ನು ನೋಡಿ, “ಚೆನ್ನಾಗಿದೆಯಲ್ಲ, ನಾನೂ ಒಂದು ತಗೋತೀನಿ” ಎಂದ, ವಾರದೊಳಗೆ ತಗೊಂಡ. ಅದರ ಮೊದಲ ನೋಟಿನ ಸಂಖ್ಯೆ ಐದು ಏಳುಗಳು! ಕಣ್ಣು ಮುಚ್ಚಿ ಎತ್ತಿಕೊಂಡೆ ಎಂದು ಹೇಳಿಕೊಂಡು ತಿರುಗಿದ. ನಮ್ಮ ಸಂಘದ ಕಳೆದ ವರ್ಷದ ಪ್ರದರ್ಶನದಲ್ಲಿ ನಡುಮೇಜು, ಗಾಜಿನ ಪೆಟ್ಟಿಗೆ, ಮೇಲೊಂದು ದೀಪ, ಎಲ್ಲವೂ ಅದರ ಪಾಲಾಯಿತು. ನನ್ನ ಒಂಬತ್ತು ಹಾಳೆಗಳಿಗೆ ಜಾಗ ಸಿಕ್ಕಿದ್ದು ಕುಡಿಯುವ ನೀರಿನ ಡ್ರಮ್ಮಿನ ಪಕ್ಕ. ಬಂದವರು ನೀರು ಕುಡಿದು, ಕೈ ಒದರಿ, ನನ್ನ ಹಾಳೆಗಳ ಮೇಲೆ ನಾಲ್ಕು ಹನಿ ಚಿಮುಕಿಸಿ ಹೋದರು.

“ಇದೇನಿದು?” ಷಡ್ಡಕ ಹಾಳೆಯ ಮೇಲೆ ಬಗ್ಗಿದ. “ಅಸಲಿನಾ?”

ಪುಸ್ತಕದಂಗಡಿಯವನು ನನ್ನ ಮುಖ ನೋಡಿದ. ಷಡ್ಡಕ ಬೆಲೆ ಕೇಳಿದ; ಅಂಗಡಿಯವನು ಹೇಳಿದ ಮೊತ್ತಕ್ಕೆ ಜೇಬು ಮುಟ್ಟಿ ನೋಡಿಕೊಂಡ.

“ಹೊಸ ಮಾಲು ಎತ್ತೋಕೆ ಇಟ್ಟಿದ್ದ ದುಡ್ಡು ಡಾಕ್ಟ್ರೇ. ನನಗೆ ಈ ನಂಬರು ಗಿಂಬರು ತಿಳಿಯಲ್ಲ. ನೀವು ಹೂಂ ಅಂದ್ರೆ ತಗೋತೀನಿ, ಊಹೂಂ ಅಂದ್ರೆ ಎದ್ದು ಹೋಗ್ತೀನಿ.”

ಭೂತಗನ್ನಡಿಯನ್ನು ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಅವನು ಕಾಯುತ್ತಿದ್ದ, ಮಗು ಮಿಠಾಯಿಗೆ ಕಾಯುವ ಹಾಗೆ.

“ಬಿಡಬೇಡಿ ಭಾವ,” ಎಂದೆ. “ಇಂಥದ್ದು ಮತ್ತೆ ಸಿಗಲ್ಲ.”

ಅದೇ ದಿನ ಒಂದು ಪತ್ರ ಬರೆದೆ. ನೋಟಿನ ಅಚ್ಚುಕೂಟದಲ್ಲಿ ಸಂಖ್ಯೆ ಒತ್ತುವ ವಿಭಾಗದ ಫೋರ್‌ಮನ್ ಆಗಿದ್ದು ನಿವೃತ್ತರಾದವರೊಬ್ಬರ ವಿಳಾಸ ನನ್ನಲ್ಲಿತ್ತು. ಪ್ರದರ್ಶನಕ್ಕೆ ಬಂದು, ಪ್ರತಿ ಮೇಜನ್ನೂ ನೋಡಿ, ನಕಲಿ ಹಾಳೆಗಳನ್ನು ಗುರುತಿಸುವ ಬಗೆಯನ್ನು ಸದಸ್ಯರಿಗೆ ತಿಳಿಸಬೇಕೆಂದು ಬಿನ್ನವಿಸಿಕೊಂಡೆ. ಸಂಘದ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ, ನನ್ನ ಕಾಳಜಿಯನ್ನು ಸಭೆಯಲ್ಲಿ ಹೊಗಳಿದರು. ಈ ವರ್ಷದ ನಡುಮೇಜು ಯಾರಿಗೆ ಎಂಬ ಮಾತು ಬಂದಾಗ, ಷಡ್ಡಕನ ಹೊಸ ಹಾಳೆಗೇ ಕೊಡಿ ಎಂದು ಮೊದಲು ಕೈ ಎತ್ತಿದವನೂ ನಾನೇ. ಎತ್ತರದಿಂದ ಬಿದ್ದರೆ ತಾನೇ ಸದ್ದಾಗುವುದು?

ಪ್ರದರ್ಶನಕ್ಕೆ ಮೂರು ದಿನ ಉಳಿದಿರುವಾಗ ಫೋರ್‌ಮನ್ನರ ಉತ್ತರ ಬಂತು. ಅದು ಮೊದಲು ಸಿಕ್ಕಿದ್ದು ನನ್ನ ಹೆಂಡತಿಯ ಕೈಗೆ.

“ನಕಲಿ ಹಾಳೆ ಅಂತ ಬರೆದಿದ್ದಾರೆ. ಯಾರದ್ದು ನಕಲಿ?”

“ಸುಮ್ಮನೆ, ಸಾಮಾನ್ಯವಾಗಿ...”

“ಸಾಮಾನ್ಯವಾಗಿ ನಿಮ್ಮ ಕಿವಿ ಕೆಂಪಾಗಲ್ಲ.”

ಹದಿನೆಂಟು ವರ್ಷದ ಸಂಸಾರದಲ್ಲಿ ಅವಳ ಮುಂದೆ ನಾನು ಯಾವ ಸುಳ್ಳನ್ನೂ ದಡ ಸೇರಿಸಿದವನಲ್ಲ. ಎಲ್ಲವನ್ನೂ ಹೇಳಿದೆ. ಹೇಳುತ್ತಿದ್ದಾಗ ಒಳಗೊಳಗೆ ಖುಷಿಯೂ ಆಯಿತೆಂದು ಒಪ್ಪಿಕೊಳ್ಳಬೇಕು. ಇಷ್ಟು ಅಚ್ಚುಕಟ್ಟಾದ ಉಪಾಯವನ್ನು ಒಬ್ಬರಿಗಾದರೂ ತೋರಿಸದೆ ಇರುವುದು ಕಷ್ಟವಾಗಿತ್ತು.

ಅವಳು ನಗಲಿಲ್ಲ. “ಭಾವ ನಿಮಗೆ ಏನು ಮಾಡಿದ್ರು?”

“ಏನೂ ಮಾಡಿಲ್ಲ. ಏನೂ ಮಾಡದೇನೇ ಅವನಿಗೆ ಎಲ್ಲಾ ಸಿಗುತ್ತಲ್ಲ, ಅದೇ!”

“ನೂರು ಜನರ ಮುಂದೆ ಅವರು ತಲೆ ತಗ್ಗಿಸಿ ನಿಂತಾಗ, ಅಕ್ಕನ ಪಕ್ಕದಲ್ಲಿ ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ? ಈಗಲೇ ಫೋನ್ ಮಾಡಿ. ಹಾಳೆ ಸರಿ ಇಲ್ಲ, ಇಡಬೇಡಿ ಅಂತ ಹೇಳಿ. ಇಲ್ಲಾಂದ್ರೆ ನಾನೇ ಹೇಳ್ತೀನಿ.”

“ನಾನೇ ಹೇಳ್ತೀನಿ ಬಿಡು.”

ಫೋನ್ ಹಿಡಿದು ಜಗಲಿಗೆ ಹೋದೆ. ಸಂಖ್ಯೆ ಒತ್ತಿದೆ. ಆ ಕಡೆಯಿಂದ ಅವನ ದನಿ ಕಿವಿಗಪ್ಪಳಿಸಿತು. “ಹೇಳಿ ಡಾಕ್ಟ್ರೇ!” ಹಿಂದಿನಿಂದ ಅವನ ಹೆಂಡತಿ, ನನ್ನ ಅತ್ತಿಗೆ, ಏನೋ ಅಂದದ್ದಕ್ಕೆ ಅವನು ನಕ್ಕದ್ದು ಕೇಳಿಸಿತು. “ನಿಮ್ಮ ಕನ್ನಡಕ ರೆಡಿ ಇದೆ ಭಾವ,” ಎಂದೆ. ಅಷ್ಟೇ ಹೇಳಿದೆ.

“ಹೇಳಿದ್ರಾ?” ಎಂದು ಹೆಂಡತಿ ಕೇಳಿದಳು.

“ಹೇಳಿದೆ.”

ಜಗಲಿಯ ಬೆಳಕು ಮಂಕಾಗಿತ್ತು. ನನ್ನ ಕಿವಿಗಳು ಅವಳಿಗೆ ಕಾಣಿಸಲಿಲ್ಲ.

ಪ್ರದರ್ಶನ ನಡೆದದ್ದು ಗ್ರಂಥಾಲಯದ ಮಹಡಿಯ ಸಭಾಂಗಣದಲ್ಲಿ. ಬೆಳಗ್ಗೆ ಹತ್ತಕ್ಕೇ ಜನ ತುಂಬಿದ್ದರು. ನನ್ನ ಮೇಜು ಈ ವರ್ಷವೂ ಡ್ರಮ್ಮಿನ ಪಕ್ಕವೇ. ಹೆಂಡತಿ ಮೆಟ್ಟಿಲು ಹತ್ತಿ ಬಂದವಳು ನಡುಮೇಜಿನ ಗಾಜಿನೊಳಗೆ ಆ ಹಸಿರು ಹಾಳೆಯನ್ನು ಕಂಡು ನಿಂತಲ್ಲೇ ನಿಂತಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ. ಅವಳು ಸರಸರನೆ ಅಕ್ಕನ ಕಡೆ ನಡೆದಳು. ಆದರೆ ಅಷ್ಟರಲ್ಲಿ ಅಧ್ಯಕ್ಷೆ ಚಪ್ಪಾಳೆ ತಟ್ಟಿ ಎಲ್ಲರ ಗಮನ ಸೆಳೆದರು. ಫೋರ್‌ಮನ್ ಬಂದಿದ್ದರು.

ಒಣಕಲು ಮುದುಕ. ದಾರ ಕಟ್ಟಿದ ಮಸೂರ ಎದೆಯ ಮೇಲೆ ತೂಗಾಡುತ್ತಿತ್ತು. ಅವರು ಮೇಜಿನಿಂದ ಮೇಜಿಗೆ ನಡೆದಂತೆ ಜನವೂ ಹಿಂದೆ ಹಿಂದೆ ನಡೆಯಿತು. ನನ್ನ ಹನ್ನೊಂದು ವರ್ಷಗಳನ್ನು ಎರಡು ನಿಮಿಷ ನೋಡಿ, “ಚೊಕ್ಕವಾಗಿವೆ,” ಎಂದು ಮುಂದೆ ಹೋದರು. ನನಗೆ ಬೇಸರವಾಗಲಿಲ್ಲ. ಇನ್ನು ಮೂರು ಮೇಜು. ಇನ್ನು ಎರಡು. ಬಾಯಿ ಒಣಗಿತು, ಪಕ್ಕದಲ್ಲೇ ಡ್ರಮ್ ಇದ್ದರೂ ಅಲ್ಲಿಂದ ಕದಲಲಾಗಲಿಲ್ಲ.

ನಡುಮೇಜಿನ ಮುಂದೆ ಅವರು ಬಗ್ಗಿದರು. ಮಸೂರ ಎಂಟು ನೋಟುಗಳ ಮೇಲೆ ನಿಧಾನವಾಗಿ ಸಾಗಿತು. ಮೂರನೆಯದರ ಮೇಲೆ ನಿಂತಿತು.

“ನಂಬರು ಸಾಲಾಗಿದೆ,” ಎಂದರು ಫೋರ್‌ಮನ್.

“ಹೌದು ಸಾರ್, ಚೆನ್ನಾಗಿದೆ ಅಲ್ವಾ?” ಎಂದ ಷಡ್ಡಕ.

“ಸಾಲಾಗಿ ಇರಬಾರದು.”

ಅತ್ತಿಗೆಯ ಕೈ ಗಂಡನ ತೋಳಿನ ಮೇಲೆ ಬಂದು ಕುಳಿತದ್ದನ್ನು ನಾನು ಕಂಡೆ. ಷಡ್ಡಕನ ನಗು ಅರ್ಧಕ್ಕೇ ನಿಂತಿತು. ಈ ಗಳಿಗೆಗಾಗಿ ನಾನು ಒಂದು ತಿಂಗಳು ಕಾದಿದ್ದೆ.

“ಒಂದು ಕುರ್ಚಿ ಕೊಡಿ,” ಎಂದರು ಮುದುಕರು. ಕುಳಿತರು. ಕುಳಿತು, ನಗತೊಡಗಿದರು.

“ಈ ಮಾದರಿ ಶುರುವಾದಾಗ ನಮ್ಮಲ್ಲಿ ದೊಡ್ಡ ಕತ್ತರಿಯಂತ್ರ ಇನ್ನೂ ಬಂದಿರಲಿಲ್ಲ. ಎರಡು ತಿಂಗಳು ನಾಲ್ಕು ಜನ ಹೆಣ್ಣುಮಕ್ಕಳು ಒಂದೊಂದೇ ಹಾಳೆ ಇಟ್ಟು ಕೈಯಲ್ಲೇ ಕತ್ತರಿಸ್ತಿದ್ರು. ಹಾಗಾಗಿ ನಂಬರು ಹಾಳೆ ಉದ್ದಕ್ಕೂ ಸಾಲಾಗೇ ಒತ್ತಿದ್ವಿ. ಯಂತ್ರ ಬಂದ ಮೇಲೆ ನಿಲ್ಲಿಸಿದ್ವಿ. ಮೂರನೇ ನೋಟಿನ ಏಳು ನೋಡಿ, ಬಾಲ ಮುರಿದಿದೆ. ಆ ಅಚ್ಚುಮೊಳೆ ನನ್ನ ಕೈಯಿಂದಲೇ ಬಿದ್ದದ್ದು, ಬೈಸಿಕೊಂಡವನೂ ನಾನೇ. ಆ ಎರಡು ತಿಂಗಳ ಹಾಳೆ ಕತ್ತರಿಸದೆ ಒಂದಾದ್ರೂ ಉಳಿದಿದೆ ಅಂತ ಇವತ್ತಿನವರೆಗೆ ನನಗೂ ಗೊತ್ತಿರಲಿಲ್ಲ.”

ಸಭಾಂಗಣ ಸಿಡಿಯಿತು. ಚಪ್ಪಾಳೆ, ಕೂಗು, ನೂಕುನುಗ್ಗಲು. ಯಾರೋ ಷಡ್ಡಕನ ಬೆನ್ನು ಗುದ್ದಿದರು. ನಾನು ನನ್ನ ಮೇಜಿನ ಅಂಚು ಹಿಡಿದುಕೊಂಡೆ. ಆ ಹಾಳೆ ಮೊದಲು ಬಂದದ್ದು ನನ್ನ ಅಂಗಡಿಗೆ. ನನ್ನ ಕೈಯಲ್ಲಿತ್ತು. ನಾನೇ ಎತ್ತಿ ಅವನ ಮಡಿಲಿಗೆ ಹಾಕಿದ್ದೆ!

“ನನ್ನದೇನಿಲ್ಲ ಸಾರ್!” ಷಡ್ಡಕ ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನನ್ನು ಎಳೆದುಕೊಂಡು ಹೋಗಿ ಮುದುಕರ ಮುಂದೆ ನಿಲ್ಲಿಸಿದ. “ಇವರು ಹೂಂ ಅಂದ್ರು, ನಾನು ತಗೊಂಡೆ. ಇವರ ಕಣ್ಣು ಸಾರ್, ಕಣ್ಣಲ್ಲ ಅದು, ಭೂತಗನ್ನಡಿ!”

ಅಧ್ಯಕ್ಷೆ ಕೈಪಿಡಿ ತಿರುವಿ ಹಾಕುತ್ತಿದ್ದರು. ಹಳೆಯ ಟೀಚರಲ್ಲವೇ, ತಪ್ಪು ಕಣ್ಣಿಗೆ ಬೀಳದೆ ಇರಲಿಲ್ಲ. “ಅಲ್ರೀ, ಅಕ್ಕಪಕ್ಕದ ನೋಟಿನಲ್ಲಿ ಸಾಲು ಸಂಖ್ಯೆ ಇದ್ದರೆ ಅದು ಖಂಡಿತ ನಕಲಿ ಅಂತ ಆರನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಮತ್ತೆ ಇದನ್ನ ತಗೊಳ್ಳಿ ಅಂತ ಹೇಗೆ ಹೇಳಿದ್ರಿ?”

ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ಹೆಂಡತಿ ಅಕ್ಕನ ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಚೆಂದದ ಉತ್ತರಗಳು ಒಂದಲ್ಲ, ನಾಲ್ಕು ಹೊಳೆದವು. ಆದರೆ ಅವಳು ನೋಡುತ್ತಿದ್ದಳು.

“ನಕಲಿ ಅಂತ ತಿಳಿದೇ ಹೇಳಿದೆ,” ಎಂದೆ. “ಇವರು ಎಲ್ಲರ ಮುಂದೆ ಮುಖಭಂಗ ಅನುಭವಿಸಲಿ ಅಂತಲೇ ಕೊಡಿಸಿದೆ.”

ಮರುಕ್ಷಣ ಷಡ್ಡಕ ಹೊಟ್ಟೆ ಹಿಡಿದುಕೊಂಡು ನಕ್ಕ.

“ನೋಡಿದ್ರಾ, ನೋಡಿದ್ರಾ! ಹೊಗಳಿದ್ರೆ ಇವರಿಗೆ ಮೈಮೇಲೆ ಹುಳ ಬಿಟ್ಟ ಹಾಗಾಗುತ್ತೆ!”

ಇಡೀ ಸಭಾಂಗಣ ನಕ್ಕಿತು. ಫೋರ್‌ಮನ್ ನಕ್ಕರು. ಅಧ್ಯಕ್ಷೆ, “ಏನು ವಿನಯ!” ಎನ್ನುತ್ತ ಕೈಪಿಡಿ ಮುಚ್ಚಿ, ಆರನೇ ಪುಟವನ್ನು ಹೊಸದಾಗಿ ಬರೆದುಕೊಡಲು ನನಗೇ ಒಪ್ಪಿಸಿದರು. “ನಿಜ ಹೇಳ್ತಿದ್ದೀನಿ,” ಎಂದೆ. ಇನ್ನೂ ಜೋರಾಗಿ ನಕ್ಕರು.

ನನ್ನನ್ನು ಬಿಟ್ಟರೆ ಕೊನೆಗೆ ನಗದೆ ಉಳಿದವರು ಇಬ್ಬರೇ. ಅತ್ತಿಗೆ ನಗುತ್ತಲೇ ತಂಗಿಯ ಕಡೆ ತಿರುಗಿದವರು, ತಂಗಿಯ ಮುಖ ನೋಡಿ ನಗು ನಿಲ್ಲಿಸಿದರು. ಅವರಿಗೆ ಇನ್ನೇನೂ ಕೇಳಬೇಕಾಗಲಿಲ್ಲ. ನಾನು ಎರಡು ಹೆಜ್ಜೆ ಆಚೆಗಿದ್ದೆ. ಅವರು ದನಿ ತಗ್ಗಿಸಿದರೂ ಮಾತು ನನ್ನ ಕಿವಿಗೆ ಬಿತ್ತು.

“ನಮ್ಮನೆಯವರ ಮುಂದೆ ಇದನ್ನ ಎತ್ತಬೇಡ ಕಣೇ. ಪಾಪ, ನಂಬಿದ್ದಾರೆ. ನಂಬ್ಕೊಂಡೇ ಇರಲಿ.”

“ಆಯ್ತಕ್ಕ,” ಎಂದಳು ನನ್ನ ಹೆಂಡತಿ. ಅಕ್ಕನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

ಫೋಟೋ ತೆಗೆಯುವವನು ಎಲ್ಲರನ್ನೂ ಪಕ್ಕಕ್ಕೆ ಸರಿಸಿ ನಮ್ಮಿಬ್ಬರನ್ನು ಗಾಜಿನ ಪೆಟ್ಟಿಗೆಯ ಹಿಂದೆ, ದೀಪದ ಕೆಳಗೆ ನಿಲ್ಲಿಸಿದ. ನಡುಮೇಜಿನ ದೀಪ ಇಷ್ಟು ಬಿಸಿಯಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಷಡ್ಡಕನ ತೋಳು ನನ್ನ ಹೆಗಲ ಮೇಲೆ ಭಾರವಾಗಿ ಬಿದ್ದಿತ್ತು. ಎದುರಿಗೆ ಆ ಇಬ್ಬರು ಹೆಂಗಸರು, ಅವನ ಒಂದು ನಗು ಕೆಡದಿರಲೆಂದು ಬಾಯಿ ಬಿಗಿಹಿಡಿದು ನಿಂತಿದ್ದರು. ನನಗಾಗಿ ಹೀಗೆ ಯಾರಾದರೂ ಒಂದು ಮಾತು ನುಂಗಿಕೊಂಡ ನೆನಪು ನನಗಿಲ್ಲ. ಅವರನ್ನು ನೋಡುತ್ತಿದ್ದಂತೆ, ಹಾಳೆಯೂ ಮರೆತುಹೋಗುವಷ್ಟು ನನ್ನ ಹೊಟ್ಟೆ ಉರಿಯಿತು.

“ಡಾಕ್ಟ್ರೇ, ಸ್ವಲ್ಪ ನಗ್ರೀ,” ಎಂದ ಅವನು, ನನ್ನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತ. “ಸಿಕ್ಕಿದ್ದು ನಿಮಗೇ ಅಂದ್ಕೊಳ್ಳಿ!”