ಚಿಕ್ಕಪ್ಪ ಬೇಡ, ದೊಡ್ಡಪ್ಪ ಸಾಕು

ನಾನು ಒಂದು ಲೆನ್ಸು. ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುವ ಜಾತಿಯವನು. ಜಪಾನಿನ ಕಾರ್ಖಾನೆಯೊಂದರಲ್ಲಿ ಬಿಳಿ ಕೈಗವಸಿನವರು ನನ್ನ ಗಾಜುಗಳನ್ನು ಒಂದೊಂದಾಗಿ ಕೂರಿಸಿದರು. ತೂಕ ಮೂರು ಕೇಜಿಗೆ ಸ್ವಲ್ಪ ಕಮ್ಮಿ. ಆ ತೂಕದ ಬಗ್ಗೆ ನನಗೆ ಬಹಳ ದಿನ ಜಂಬವಿತ್ತು. ಈಗ ನಾಚಿಕೆಯಿದೆ.

ಮೊದಲು ಬೆಂಗಳೂರಿನ ಪತ್ರಿಕೆಯೊಂದರ ಫೋಟೋಗ್ರಾಫರ್ ಕೈಯಲ್ಲಿದ್ದೆ. ಕ್ರಿಕೆಟ್ ಮೈದಾನದ ಗೆರೆಯಾಚೆ ಕೂತು ಆಟಗಾರರ ಹಣೆಯ ಬೆವರು ನೋಡಿದ್ದೇ ನೋಡಿದ್ದು. ಆ ಫೋಟೋಗ್ರಾಫರ್ ನಿವೃತ್ತರಾದಾಗ ಮೈಸೂರಿನ ನಂದೀಶ ನನ್ನನ್ನು ಕೊಂಡ. ಕಾಲೇಜಿನ ಲ್ಯಾಬಿನಲ್ಲಿ ಕೆಲಸ, ತಲೆ ತುಂಬ ಹಕ್ಕಿ. ಎದುರಿಗೆ ಕೂತವರ ಮುಖ ತೆಗೆಯುವ ಪುಟ್ಟ ಲೆನ್ಸೊಂದು ಅವನ ಬಳಿ ಆಗಲೇ ಇತ್ತು. ಮೊದಲ ದಿನವೇ ನಮಗೆ ಹೆಸರಿಟ್ಟ: ನಾನು ದೊಡ್ಡಪ್ಪ, ಅದು ಚಿಕ್ಕಪ್ಪ. ಹೆಂಡತಿ ಶಶಿಕಲಾಗೂ ಅದೇ ರೂಢಿಯಾಯಿತು. "ದೊಡ್ಡಪ್ಪನ ಮೇಲೆ ಧೂಳು ಕೂತಿದೆ ನೋಡ್ರೀ" ಅನ್ನುತ್ತಿದ್ದಳು.

ಒಂದು ಡಿಸೆಂಬರಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಪುಷ್ಪಗಿರಿ ಹತ್ತುವ ಏರ್ಪಾಡಾಯಿತು. ಗಂಡ, ಹೆಂಡತಿ, ಜೊತೆಗೆ ನಂದೀಶನ ನಿಜವಾದ ಚಿಕ್ಕಪ್ಪ ಪಂಚಾಕ್ಷರಪ್ಪ. ಅರಸೀಕೆರೆಯಲ್ಲಿ ರೈಲ್ವೆ ಕೆಲಸ ಮಾಡಿ ನಿವೃತ್ತರಾದವರು. ಜೀವಮಾನವಿಡೀ ಬೇರೆಯವರನ್ನು ಊರಿಂದೂರಿಗೆ ಕಳಿಸಿದವರು, ತಾವು ಒಂದು ಬೆಟ್ಟವನ್ನೂ ಹತ್ತಿದವರಲ್ಲ. ಹೊಸ ಕ್ಯಾನ್ವಾಸ್ ಶೂ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಹಿಡಿದುಕೊಂಡು ಹಿಂದಿನ ದಿನವೇ ಬಂದಿಳಿದರು.

ಹೊರಡುವ ದಿನ ಬೆಳಿಗ್ಗೆ ಕಾಲೇಜಿನಿಂದ ನಂದೀಶನ ಫೋನು. ಚೀಲ ಭಾರವಾದರೆ ಅರ್ಧ ದಾರಿಗೇ ಕೂರಬೇಕಾದೀತೆಂದು ಯಾರೋ ಅವನನ್ನು ಹೆದರಿಸಿದ್ದರು. ಒಳಗೆ ಕುಕ್ಕರ್ ಕೂಗುತ್ತಿತ್ತು. ಶಶಿಕಲಾ ಗಟ್ಟಿಯಾಗಿ ಮಾತಾಡಿದಳು: "ಏನು? ಚಿಕ್ಕಪ್ಪ ಬೇಡ್ವಾ? ಹೌದು ಬಿಡಿ, ಸುಮ್ನೆ ಒಂದು ಹೊರೆ. ದೊಡ್ಡಪ್ಪ ಇದ್ರೆ ಸಾಕು."

ಹಾಲಿನಲ್ಲಿ ಕೂತು ಶೂ ಲೇಸು ಕಟ್ಟುತ್ತಿದ್ದ ಪಂಚಾಕ್ಷರಪ್ಪನವರ ಕೈ ನಿಂತಿತು. ನಾನು ಅಲ್ಲೇ ಮೇಜಿನ ಮೇಲಿದ್ದೆ. ನಮ್ಮ ಅಡ್ಡಹೆಸರು ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದ ದೊಡ್ಡಪ್ಪ ಒಬ್ಬರೇ, ತುಮಕೂರಿನಲ್ಲಿದ್ದ ಅವರ ಅಣ್ಣ. ಚಿಕ್ಕಂದಿನಿಂದ ಹೊಸ ಅಂಗಿ ಅಣ್ಣನಿಗೆ, ಹಳೆಯದು ಇವರಿಗೆ. ಓದು ಅಣ್ಣನಿಗೆ, ದುಡಿಮೆ ಇವರಿಗೆ. ಅವರು ಶೂ ಬಿಚ್ಚಿ, ಪೇಪರಿನಲ್ಲಿ ಸುತ್ತಿ, ಚೀಲದ ತಳಕ್ಕಿಟ್ಟರು.

"ಮಂಡಿ ಹಿಡ್ಕೊಂಡಿದೆ ಕಣಮ್ಮ. ನೀವು ಹೋಗ್ಬನ್ನಿ, ನಾನು ಊರಿಗೆ ಹೊರಡ್ತೀನಿ."

"ಎಣ್ಣೆ ಬಿಸಿ ಮಾಡಿ ಕೊಡ್ತೀನಿ ಇರಿ ಮಾವ" ಎಂದಳು ಶಶಿಕಲಾ. ಅವರು ನಗುನಗುತ್ತಲೇ ತಪ್ಪಿಸಿಕೊಂಡರು. ಮಿಠಾಯಿ ಡಬ್ಬಿಯನ್ನು ನನ್ನ ಪಕ್ಕದಲ್ಲೇ ಇಟ್ಟು ಹೋದರು. ಕೂಗಿ ಹೇಳೋಣವೆಂದರೆ ನನಗೆ ಬಾಯಿಲ್ಲ.

ಬೆಟ್ಟದ ಮೇಲೆ ನಾನು ಮೆರೆದೆ. ಕಣಿವೆಯಾಚೆ ತೇಲುತ್ತಿದ್ದ ಹದ್ದಿನ ಕಣ್ಣನ್ನು ಹಿಡಿದುಕೊಟ್ಟೆ. ಆ ಫೋಟೋ ಕಟ್ಟು ಹಾಕಿಸಿಕೊಂಡು ಗೋಡೆ ಏರಿತು. ಬಂದವರು ಹೊಗಳಿದಾಗೆಲ್ಲ ನನಗೆ ಆ ಬಿಚ್ಚಿದ ಲೇಸು ನೆನಪಾಗುತ್ತಿತ್ತು. ಪಂಚಾಕ್ಷರಪ್ಪ ಆರು ವರ್ಷ ಆ ಮನೆಯತ್ತ ಸುಳಿಯಲಿಲ್ಲ. ಕರೆದರೆ ಮಂಡಿ ನೋವು ಅನ್ನುತ್ತಿದ್ದರು.

ಕೊನೆಗೆ ನಂದೀಶ ಹೊಸ ಮನೆ ಕಟ್ಟಿಸಿದಾಗ, ಗೃಹಪ್ರವೇಶಕ್ಕೆ ಕೋಲೂರಿಕೊಂಡು ಬಂದರು. ಊಟದ ನಂತರ ಎಲ್ಲರೂ ಫೋಟೋಗೆ ಕೂತರು. ಕ್ಯಾಮೆರಾದಲ್ಲಿ ನಾನಿದ್ದೆ. ಹತ್ತಿರದವರು ನನಗೆ ಕಾಣುವುದಿಲ್ಲ. ನಂದೀಶ ಹಿಂದೆ ಸರಿದು ಸರಿದು ಗೋಡೆಗೆ ಬೆನ್ನು ತಾಗಿಸಿದ.

"ಶಶೀ, ದೊಡ್ಡಪ್ಪ ಆಗಲ್ಲ, ಚಿಕ್ಕಪ್ಪನ್ನ ತಗೊಂಬಾ" ಎಂದು ಕೂಗಿದ.

ಪಂಚಾಕ್ಷರಪ್ಪ ಪಾಪ, ಕೋಲೂರಿ ಎದ್ದು ನಿಂತರು. ಶಶಿಕಲಾ ಅವರ ಪಕ್ಕದಿಂದಲೇ ಹಾದು ಬಂದು ಪುಟ್ಟ ಲೆನ್ಸನ್ನು ಗಂಡನ ಕೈಗಿಟ್ಟಳು.

"ಇದಾ ಚಿಕ್ಕಪ್ಪ?" ಎಂದು ಕೇಳಿದರು.

"ಹ್ಞೂ ಮಾವ, ತಮಾಷೆಗೆ ಹಾಗಂತೀವಿ."

"ಅವತ್ತು ಬೆಟ್ಟಕ್ಕೆ ಬೇಡ ಅಂದಿದ್ದು ಇದನ್ನಾ?"

ಶಶಿಕಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಂದೀಶ ತಲೆ ತಗ್ಗಿಸಿದ. ಪಂಚಾಕ್ಷರಪ್ಪ ಕೋಲನ್ನು ಗೋಡೆಗೊರಗಿಸಿ ಕ್ಯಾಮೆರಾದಿಂದ ಕಳಚಿಟ್ಟಿದ್ದ ನನ್ನನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದರು.

"ಇಷ್ಟೇನಾ ಭಾರ? ಒಂದು ಮಾತು ಹೇಳಿದ್ರೆ ಎರಡನ್ನೂ ನಾನೇ ಹೊರ್ತಿದ್ನಲ್ಲೋ."

ಆ ಹೊತ್ತಿಗೆ ಅವರ ಮಂಡಿ ನಿಜವಾಗಿಯೂ ಕೆಟ್ಟಿತ್ತು.

ಈಗ ನನ್ನ ಗಾಜಿಗೆ ಬೂಷ್ಟು ಹಿಡಿದಿದೆ. ಬೀರುವಿನ ಮೂಲೆಯಲ್ಲಿದ್ದೇನೆ. ಹೊಸ ಮನೆಯ ಗೋಡೆಗೂ ತಂದು ಹಾಕಿದ್ದ ಹದ್ದನ್ನು ನಂದೀಶ ಅವತ್ತೇ ಇಳಿಸಿದ. ಆ ಮೊಳೆಗೆ ಪುಟ್ಟ ಲೆನ್ಸು ತೆಗೆದ ಫೋಟೋ ತೂಗುಹಾಕಿದ್ದಾರೆ. ಅದರಲ್ಲಿ ಪಂಚಾಕ್ಷರಪ್ಪ ಕೂಸನ್ನು ಎತ್ತಿಕೊಂಡ ಹಾಗೆ ನನ್ನನ್ನು ಎತ್ತಿಕೊಂಡು ನಗುತ್ತಿದ್ದಾರೆ. ನೋಡಿದವರು ಚೆನ್ನಾಗಿ ಬಂದಿದೆ ಅನ್ನುತ್ತಾರೆ. ನನಗೆ ಮಾತ್ರ ಆ ತೋಳಿನಿಂದ ಇಳಿದುಬಿಡೋಣ ಅನಿಸುತ್ತದೆ.